ದೇಶದ ಬಳಕೆ ಶೇ 7.9 ಏರಿತಂತೆ, ನಮ್ಮ ಗಲ್ಲಾ ಯಾಕೆ ಏರಲಿಲ್ಲ?

ಪ್ರಶ್ನೆ: ಮಂಡ್ಯದ ಪೇಟೆ ಬೀದಿಯಲ್ಲಿ ನಮ್ಮದೊಂದು ದಿನಸಿ ಅಂಗಡಿ ಇದೆ. 2025ರ ಜುಲೈ–ಸೆಪ್ಟೆಂಬರ್‌ನಲ್ಲಿ ದೇಶದ ಜನರ ಖರ್ಚು, ಬೆಲೆ ಏರಿಕೆ ತೆಗೆದ ಮೇಲೂ, ಶೇ 7.9 ಹೆಚ್ಚಿದೆ ಅಂತ ಪೇಪರಿನಲ್ಲಿ ಓದಿದೆ. ನಮ್ಮ ಪುಸ್ತಕದಲ್ಲಿ ಅದೇ ಮೂರು ತಿಂಗಳ ವ್ಯಾಪಾರ ಹೋದ ವರ್ಷಕ್ಕಿಂತ ಶೇ 3 ಮಾತ್ರ ಜಾಸ್ತಿ. ಗಿರಾಕಿ ಕಮ್ಮಿ ಆಗಿಲ್ಲ, ಕೆಲಸವೂ ಕಮ್ಮಿ ಆಗಿಲ್ಲ. ಸರ್ಕಾರದ ಲೆಕ್ಕ ಸುಳ್ಳೋ, ನಾವೇ ಹಿಂದೆ ಬಿದ್ದಿದ್ದೇವೋ? ಇನ್ನೊಂದು ಮಾತು: ಅಮೆರಿಕದ್ದು ಶೇ 2.5 ಅಂತಿದ್ದರು. ಹಾಗಾದರೆ ನಮ್ಮ ಖರ್ಚು ಅವರದಕ್ಕಿಂತ ಮೂರು ಪಟ್ಟು ವೇಗದಲ್ಲಿ ಬೆಳೆಯುತ್ತಿದೆ ಅಂತಲೇ?

ಉತ್ತರ: ಎರಡೂ ಆಗಬೇಕಿಲ್ಲ. ನಿಮ್ಮ ಶೇ 3 ರೂಪಾಯಿಯ ಲೆಕ್ಕ, ಪೇಪರಿನ ಶೇ 7.9 ಸರಕಿನ ಪ್ರಮಾಣದ ಲೆಕ್ಕ. ನಿಮ್ಮ ಗಲ್ಲಾದ ಅಂಕಿಯನ್ನೂ ಅದೇ ಅಳತೆಗೆ ತಂದು ನೋಡಿದರೆ ಅಂಗಡಿ ಶೇ 6ಕ್ಕೂ ಮೇಲೆ ಬೆಳೆದಿರಬಹುದು. ಹೇಗೆ ತರುವುದು ಎಂಬುದನ್ನು ಕೆಳಗೆ ಮಾಡಿಯೇ ತೋರಿಸಿದೆ. ಮೊದಲು ಆ 7.9 ಎಲ್ಲಿಂದ ಬಂತು ನೋಡೋಣ.

2025ರ ನವೆಂಬರ್ 28ರಂದು ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಹಣಕಾಸು ವರ್ಷದ ಎರಡನೇ ತ್ರೈಮಾಸಿಕದ ಜಿಡಿಪಿ ಅಂದಾಜು ಹೊರಡಿಸಿತು. ನಮ್ಮ ವರ್ಷ ಏಪ್ರಿಲ್‌ನಿಂದ ಶುರುವಾಗುವುದರಿಂದ ಜುಲೈ–ಸೆಪ್ಟೆಂಬರ್ ಎರಡನೆಯದು. ಜಿಡಿಪಿ ಶೇ 8.2 ಬೆಳೆಯಿತು. ಅದರೊಳಗೆ ‘ಖಾಸಗಿ ಅಂತಿಮ ಬಳಕೆ ವೆಚ್ಚ’ ಎಂಬ ಸಾಲು ಇದೆ, ಅರ್ಥಶಾಸ್ತ್ರದವರ ಬಾಯಲ್ಲಿ ಪಿಎಫ್‌ಸಿಇ. ನೀವು ಓದಿದ 7.9 ಆ ಸಾಲಿನದು. ಹಿಂದಿನ ವರ್ಷ ಇದೇ ತ್ರೈಮಾಸಿಕದಲ್ಲಿ ಅದು 6.4 ಇತ್ತು. ಪ್ರಚಲಿತ ಬೆಲೆಯಲ್ಲಿ, ಅಂದರೆ ಆಯಾ ಕಾಲದ ಬೆಲೆಯಲ್ಲೇ ಲೆಕ್ಕ ಹಾಕಿದರೆ, ದೇಶದ ಜಿಡಿಪಿಯ ಸುಮಾರು ಶೇ 60 ಈ ಒಂದೇ ಸಾಲಿನಲ್ಲಿರುವುದರಿಂದ ಇದರ ಮೇಲೆ ಇಷ್ಟು ಕಣ್ಣು.

ಹೆಸರಿನಲ್ಲಿರುವ ‘ಅಂತಿಮ’ ಎಂಬ ಪದ ನಿಮಗೆ ಮುಖ್ಯ. ಮನೆಯವರು ತಿನ್ನಲು, ಉಡಲು, ಬಳಸಲು ಕೊಂಡದ್ದು ಮಾತ್ರ ಇದರಲ್ಲಿ ಸೇರುತ್ತದೆ. ನಿಮ್ಮಲ್ಲಿ ಹೋಟೆಲಿನವರು ಹತ್ತು ಮೂಟೆ ಅಕ್ಕಿ ಒಯ್ದರೆ ಅದು ಬಳಕೆ ವೆಚ್ಚವಲ್ಲ. ಆ ಹೋಟೆಲಿನಲ್ಲಿ ಗಿರಾಕಿ ಊಟಕ್ಕೆ ಕೊಟ್ಟ ದುಡ್ಡು ಬಳಕೆ ವೆಚ್ಚ. ಮದುವೆ ಅಡುಗೆ ಗುತ್ತಿಗೆಯವರಿಗೆ, ಮೆಸ್‌ಗಳಿಗೆ ಮಾರಿದ್ದೂ ಹೀಗೆಯೇ. ದೇಶದ ಅಂಕಿಗೆ ಹೋಲಿಸಬೇಕಾದರೆ ಇಂಥ ಬಿಲ್ಲುಗಳನ್ನು ಮೊದಲೇ ಬೇರೆ ಮಾಡಿ. ರೈತ ಕೊಂಡ ಟ್ರ್ಯಾಕ್ಟರ್ ಹೂಡಿಕೆಯ ಸಾಲಿಗೆ ಹೋಗುತ್ತದೆ, ಹೊಸ ಮನೆಯೂ ಹಾಗೆಯೇ. ಸೈಟು ಯಾವ ಸಾಲಿಗೂ ಬರುವುದಿಲ್ಲ, ಅದು ಇದ್ದ ನೆಲ ಕೈ ಬದಲಾದದ್ದು ಅಷ್ಟೆ. ಸಾಲದ ಕಂತಿನ ಅಸಲು ಸೇರುವುದಿಲ್ಲ. ಹಳೆಯ ಬೈಕು ಕೊಂಡರೆ ಡೀಲರ್ ಇಟ್ಟುಕೊಂಡ ಲಾಭಾಂಶ ಮಾತ್ರ ಸೇರುತ್ತದೆ. ಚಿನ್ನದ ಗಟ್ಟಿ, ನಾಣ್ಯಗಳಿಗೆ ಬೇರೆಯೇ ಸಾಲು. ಇನ್ನೊಂದು ಕಡೆ, ದುಡ್ಡೇ ಕೈ ಬದಲಾಗದ ಎರಡು ಬಾಬ್ತು ಒಳಗೆ ಕೂತಿವೆ: ಸ್ವಂತ ಮನೆಯಲ್ಲಿ ಇರುವವರು ತಮಗೆ ತಾವೇ ಕೊಟ್ಟುಕೊಂಡಂತೆ ಲೆಕ್ಕ ಹಾಕುವ ಬಾಡಿಗೆ, ಮತ್ತು ಮದ್ದೂರಿನ ರೈತ ತನ್ನ ಹೊಲದ ರಾಗಿಯನ್ನೇ ಮುದ್ದೆ ಮಾಡಿ ಉಂಡರೆ ಆ ರಾಗಿಯ ಬೆಲೆ. ಇವು ಯಾವ ಅಂಗಡಿಯ ಗಲ್ಲಾದಲ್ಲೂ ಕಾಣುವುದಿಲ್ಲ. ಶಾಲೆ ಶುಲ್ಕ, ಆಸ್ಪತ್ರೆ ಬಿಲ್ಲು, ಬಸ್ಸು, ಮೊಬೈಲ್ ರೀಚಾರ್ಜ್ ಎಲ್ಲ ಇದರಲ್ಲಿವೆ. ದಿನಸಿ ಇದರ ಒಂದು ತುಂಡು. ಆಹಾರದ ಮೇಲಿನ ಖರ್ಚು ಒಟ್ಟು ಖರ್ಚಿನಷ್ಟು ವೇಗವಾಗಿ ಬೆಳೆಯುವುದಿಲ್ಲ ಎಂಬುದು ಹಳೆಯ ಅನುಭವ. ಆದಾಯ ಏರಿದವರು ಎರಡು ಮುದ್ದೆ ಹೆಚ್ಚು ತಿನ್ನುವುದಿಲ್ಲ, ಮಗನನ್ನು ಮೈಸೂರಿನ ಕೋಚಿಂಗ್‌ಗೆ ಕಳಿಸುತ್ತಾರೆ. ದಿನಸಿ ಅಂಗಡಿಯ ಬೆಳವಣಿಗೆ ದೇಶದ ಅಂಕಿಗಿಂತ ಒಂದೆರಡು ಅಂಶ ಕೆಳಗಿದ್ದರೆ ಗಾಬರಿ ಬೇಡ.

ಈಗ ನಿಮ್ಮ ಅಸಲು ಗೊಂದಲಕ್ಕೆ ಬರೋಣ. 2025ರ ಜೂನ್‌ನಿಂದ ಗ್ರಾಹಕ ಬೆಲೆ ಸೂಚ್ಯಂಕದ ಆಹಾರ ಭಾಗ ಹಿಂದಿನ ವರ್ಷಕ್ಕಿಂತ ಕೆಳಗೇ ಇತ್ತು. ಅಕ್ಟೋಬರ್‌ನಲ್ಲಿ ಒಟ್ಟು ಹಣದುಬ್ಬರ ಶೇ 0.25ಕ್ಕೆ ಇಳಿದಾಗ ಆಹಾರದ್ದು ಮೈನಸ್ 5.02 ಇತ್ತು. ಬೇಳೆ, ಈರುಳ್ಳಿ, ಆಲೂಗಡ್ಡೆ ಅಗ್ಗವಾದಾಗ ಅಷ್ಟೇ ಕೆಜಿ ಮಾರಿದರೂ ಗಲ್ಲಾಕ್ಕೆ ಕಮ್ಮಿ ದುಡ್ಡು ಬೀಳುತ್ತದೆ. ಬೆಲೆ ಏರುವ ಕಾಲದಲ್ಲಿ ವ್ಯಾಪಾರಿಗೆ ಆಗುವ ಭ್ರಮೆ ಇದಕ್ಕೆ ತಿರುಗುಮುರುಗು: ಕೆಜಿ ಲೆಕ್ಕದಲ್ಲಿ ವ್ಯಾಪಾರ ಬಿದ್ದಿದ್ದರೂ ರೂಪಾಯಿಯಲ್ಲಿ ಚೆನ್ನಾಗಿ ಕಾಣುತ್ತದೆ. ಇಡೀ ದೇಶದ ಲೆಕ್ಕದಲ್ಲೂ ಆ ತ್ರೈಮಾಸಿಕದಲ್ಲಿ ಬೆಲೆಯ ಪಾಲು ತೀರಾ ತೆಳ್ಳಗಿತ್ತು. ಪ್ರಚಲಿತ ಬೆಲೆಯಲ್ಲಿ ಜಿಡಿಪಿ ಬೆಳೆದದ್ದು ಶೇ 8.7, ಬೆಲೆಯ ಏರಿಳಿತ ತೆಗೆದ ಸ್ಥಿರ ಬೆಲೆಯಲ್ಲಿ 8.2, ನಡುವೆ ಇರುವುದು ಅರ್ಧ ಅಂಶ ಮಾತ್ರ.

ಅಂಗಡಿಯ ಲೆಕ್ಕ ಹೀಗೆ ಮಾಡಿ. ಕೆಳಗಿನ ಬೆಲೆ, ಪಾಲುಗಳು ಉದಾಹರಣೆಗೆ ಹಾಕಿದವು, ನಿಮ್ಮ ಪುಸ್ತಕದವನ್ನು ತುಂಬಿಕೊಳ್ಳಿ. ಹೋದ ವರ್ಷದ ಜುಲೈ–ಸೆಪ್ಟೆಂಬರ್ ವ್ಯಾಪಾರ 18,00,000 ರೂಪಾಯಿ, ಈ ವರ್ಷ 18,54,000 ಎಂದಿಟ್ಟುಕೊಳ್ಳಿ. ಏರಿಕೆ ಶೇ 3. ಹೋದ ವರ್ಷದ 100 ರೂಪಾಯಿ ವ್ಯಾಪಾರದಲ್ಲಿ ಯಾವ ಬಾಬ್ತಿಗೆ ಎಷ್ಟು ಎಂದು ಒಡೆಯಿರಿ: ಅಕ್ಕಿ-ರಾಗಿ-ಗೋಧಿ 28, ಬೇಳೆಕಾಳು 17, ಎಣ್ಣೆ 18, ಈರುಳ್ಳಿ-ಆಲೂಗಡ್ಡೆ-ಬೆಳ್ಳುಳ್ಳಿ 7, ಸಕ್ಕರೆ-ಬೆಲ್ಲ 8, ಸೋಪು-ಬಿಸ್ಕತ್ತು-ಟೀಪುಡಿಯಂಥ ಪ್ಯಾಕೆಟ್ ಮಾಲು 22. ಪ್ರತಿಯೊಂದರ ಬೆಲೆ ವರ್ಷದಲ್ಲಿ ಎಷ್ಟು ಬದಲಾಯಿತು ಎಂಬುದರಿಂದ ಆ ಪಾಲನ್ನು ಗುಣಿಸಿ.

ಧಾನ್ಯ ಶೇ 3 ಇಳಿಕೆ: 28 × 0.97 = 27.16
ಬೇಳೆ ಶೇ 22 ಇಳಿಕೆ: 17 × 0.78 = 13.26
ಎಣ್ಣೆ ಶೇ 16 ಏರಿಕೆ: 18 × 1.16 = 20.88
ಈರುಳ್ಳಿ ಗುಂಪು ಶೇ 35 ಇಳಿಕೆ: 7 × 0.65 = 4.55
ಸಕ್ಕರೆ-ಬೆಲ್ಲ ಶೇ 4 ಏರಿಕೆ: 8 × 1.04 = 8.32
ಪ್ಯಾಕೆಟ್ ಮಾಲು ಶೇ 2 ಏರಿಕೆ: 22 × 1.02 = 22.44

ಕೂಡಿದರೆ 96.61. ಹೋದ ವರ್ಷ 100 ರೂಪಾಯಿಗೆ ಮಾರಿದ ಅದೇ ಬುಟ್ಟಿ ಈಗ 96 ರೂಪಾಯಿ 61 ಪೈಸೆ. ಈಗಿನ ವ್ಯಾಪಾರವನ್ನು ಇದರಿಂದ ಭಾಗಿಸಿ: 18,54,000 ÷ 0.9661 ಅಂದರೆ ಸುಮಾರು 19,19,000. ಹೋದ ವರ್ಷದ ಬೆಲೆಯಲ್ಲೇ ಮಾರಿದ್ದರೆ ನಿಮ್ಮ ವ್ಯಾಪಾರ ಇಷ್ಟಾಗುತ್ತಿತ್ತು. 18,00,000ಕ್ಕೆ ಹೋಲಿಸಿದರೆ ಶೇ 6.6 ಬೆಳವಣಿಗೆ. ಗಿರಾಕಿ ಕಮ್ಮಿ ಆಗಿಲ್ಲ, ಕೆಲಸ ಕಮ್ಮಿ ಆಗಿಲ್ಲ ಎಂದು ನೀವು ಬರೆದದ್ದು ಇದನ್ನೇ.

ಆದರೆ ಹೊಟ್ಟೆಗೆ ಬರುವುದು ರೂಪಾಯಿ. ಒಟ್ಟಾರೆ ಶೇ 8 ಉಳಿಯುತ್ತದೆ ಎಂದಾದರೆ ಹೋದ ವರ್ಷ 1,44,000, ಈ ವರ್ಷ 1,48,320. ಮೂರು ತಿಂಗಳಿಗೆ ಹೆಚ್ಚಿದ್ದು 4,320 ರೂಪಾಯಿ. ಅಂಗಡಿ ಹುಡುಗನಿಗೆ ತಿಂಗಳಿಗೆ ಒಂದು ಸಾವಿರ ಸಂಬಳ ಏರಿಸಿದ್ದರೆ ಅದರಲ್ಲೇ 3,000 ಹೋಯಿತು. ಮೂಟೆ ಹೊತ್ತದ್ದು ಶೇ 6.6 ಹೆಚ್ಚು, ಹೆಚ್ಚಾಗಿ ಉಳಿದದ್ದು ಬರೀ 1,320 ರೂಪಾಯಿ. ದೇಶದ ‘ನೈಜ’ ಬೆಳವಣಿಗೆ ಚೆನ್ನಾಗಿದ್ದೂ ವ್ಯಾಪಾರಿಗಳ ಮುಖ ಸಪ್ಪಗಿರುವುದಕ್ಕೆ ಬಹುಪಾಲು ಕಾರಣ ಇದೇ. ಬಾಡಿಗೆ, ಸಂಬಳ, ಬ್ಯಾಂಕಿನ ಬಡ್ಡಿ ಸ್ಥಿರ ಬೆಲೆಯಲ್ಲಿ ಬರುವುದಿಲ್ಲ. ಅಂಗಡಿಯ ಆರೋಗ್ಯ ನೋಡಲು ಪ್ರಚಲಿತ ಬೆಲೆಯ ಅಂಕಿ, ಬೇಡಿಕೆ ಇದೆಯೋ ಇಲ್ಲವೋ ನೋಡಲು ಸ್ಥಿರ ಬೆಲೆಯ ಅಂಕಿ. ಕೇಂದ್ರ ಅಂಕಿಅಂಶ ಸಚಿವಾಲಯದ ಪ್ರಕಟಣೆಯಲ್ಲಿ ಎರಡಕ್ಕೂ ಬೇರೆ ಬೇರೆ ಕೋಷ್ಟಕ ಇರುತ್ತವೆ. ಸುದ್ದಿಯಲ್ಲಿ ಬರುವುದು ಸಾಮಾನ್ಯವಾಗಿ ಒಂದೇ.

ಈ ಲೆಕ್ಕದಲ್ಲಿ ಎಡವುವ ಜಾಗಗಳು ಕೆಲವಿವೆ. ಕಳೆಯಬೇಡಿ, ಭಾಗಿಸಿ. ಬೆಲೆ ಒಂದೆರಡು ಅಂಶ ಆಡಿದಾಗ ವ್ಯತ್ಯಾಸ ಗೊತ್ತಾಗುವುದಿಲ್ಲ. ವ್ಯಾಪಾರ ಶೇ 25 ಏರಿ ಬೆಲೆ ಶೇ 12 ಏರಿದ್ದರೆ ಕಳೆದವರಿಗೆ 13 ಬರುತ್ತದೆ, ಸರಿಯಾದ ಉತ್ತರ 11.6. ಇನ್ನೊಂದು, ಪೇಪರಿನ ಹಣದುಬ್ಬರದ ಅಂಕಿ ಹಿಡಿದು ನಿಮ್ಮ ವ್ಯಾಪಾರವನ್ನು ಭಾಗಿಸುವುದು. ಆ ಅಂಕಿ ಹುಟ್ಟುವ ಗ್ರಾಹಕ ಬೆಲೆ ಸೂಚ್ಯಂಕದ 2012 ಆಧಾರದ ಸರಣಿಯಲ್ಲಿ ಆಹಾರ ಮತ್ತು ಪಾನೀಯದ ತೂಕ ಶೇ 45.86 ಇತ್ತು. ಉಳಿದದ್ದು ಬಹುಪಾಲು ಮನೆ ಬಾಡಿಗೆ, ಬಟ್ಟೆ, ಔಷಧಿ, ಪೆಟ್ರೋಲಿನಂಥವು. ಅವನ್ನು ನೀವು ಮಾರುವುದೇ ಇಲ್ಲ. ಸರ್ಕಾರದವರೂ ಒಂದೇ ಸೂಚ್ಯಂಕದಿಂದ ಇಡೀ ಬಳಕೆ ವೆಚ್ಚವನ್ನು ಭಾಗಿಸುವುದಿಲ್ಲ, ಬಾಬ್ತಿಗೆ ತಕ್ಕ ಬೆಲೆ ಸೂಚ್ಯಂಕ ಹಿಡಿಯುತ್ತಾರೆ.

ಪ್ಯಾಕೆಟ್ ಮಾಲಿನಲ್ಲಿ ಗ್ರಾಂ ನೋಡದೆ ಬೆಲೆ ಬರೆಯಬೇಡಿ. ಹತ್ತು ರೂಪಾಯಿ ಬಿಸ್ಕತ್ತು ಹತ್ತೇ ರೂಪಾಯಿ ಇದ್ದು 100 ಗ್ರಾಂ ಹೋಗಿ 88 ಗ್ರಾಂ ಆದರೆ ಬೆಲೆ ಶೇ 13.6 ಏರಿದ ಹಾಗೆ. 2025ರಲ್ಲಿ ಇದಕ್ಕೆ ಜಿಎಸ್‌ಟಿಯೂ ಸೇರಿಕೊಂಡಿತು. ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ಬಿಸ್ಕತ್ತಿನ ತೆರಿಗೆ 18ರಿಂದ 5ಕ್ಕೆ ಇಳಿಯಿತು. ತೆರಿಗೆ ಪೂರ್ತಿ ಗಿರಾಕಿಗೆ ಬಿಟ್ಟುಕೊಟ್ಟರೆ 118 ರೂಪಾಯಿ ಮಾಲು 105 ಆಗುತ್ತದೆ, ಶೇ 11 ಇಳಿಕೆ. ನಿಮ್ಮ ವ್ಯಾಪಾರವನ್ನು ತೆರಿಗೆ ಬಿಟ್ಟು ಬರೆದು, ಬೆಲೆಯನ್ನು ಎಂಆರ್‌ಪಿಯಿಂದ ತೆಗೆದುಕೊಂಡರೆ ಇಲ್ಲದ ಬೆಳವಣಿಗೆ ಹುಟ್ಟಿಕೊಳ್ಳುತ್ತದೆ. ಎರಡನ್ನೂ ತೆರಿಗೆ ಸೇರಿಸಿ ಬರೆಯಿರಿ, ಇಲ್ಲವೇ ಎರಡನ್ನೂ ಬಿಟ್ಟು ಬರೆಯಿರಿ. ದೇಶದ ಬಳಕೆ ವೆಚ್ಚ ಗಿರಾಕಿ ಕೊಟ್ಟ ಬೆಲೆಯಲ್ಲಿ, ಅಂದರೆ ತೆರಿಗೆ ಸೇರಿಸಿಯೇ ಇರುತ್ತದೆ.

ಮಂಡ್ಯದಲ್ಲಿ ಇನ್ನೊಂದು ತೊಡಕು ಉದ್ರಿ. ಕಬ್ಬಿನ ದುಡ್ಡು ಬಂದಾಗ ಕೊಡುತ್ತೇನೆ ಎಂದು ಆಗಸ್ಟ್‌ನಲ್ಲಿ ಒಯ್ದ ಮಾಲು ಆಗಸ್ಟ್‌ನ ವ್ಯಾಪಾರವೇ. ದುಡ್ಡು ಬಂದ ದಿನ ಬರೆಯುವ ಪದ್ಧತಿ ಇದ್ದರೆ ಕಾರ್ಖಾನೆ ಬಟವಾಡೆ ಮಾಡಿದ ತಿಂಗಳಲ್ಲಿ ವ್ಯಾಪಾರ ಉಬ್ಬಿ, ಹಿಂದಿನ ತ್ರೈಮಾಸಿಕ ಬಡಕಲಾಗಿ ಕಾಣುತ್ತದೆ. ರಾಷ್ಟ್ರೀಯ ಲೆಕ್ಕದ ನಿಯಮವೂ ಇದೇ, ಸರಕು ಕೈ ಸೇರಿದ ದಿನವೇ ಖರ್ಚಿನ ದಿನ.

ಹಬ್ಬದ ತಾರೀಕು ಇದಕ್ಕಿಂತ ದೊಡ್ಡ ಪೆಟ್ಟು ಕೊಡುತ್ತದೆ. 2024ರಲ್ಲಿ ನವರಾತ್ರಿ ಅಕ್ಟೋಬರ್ 3ಕ್ಕೆ ಶುರುವಾಗಿ 12ಕ್ಕೆ ವಿಜಯದಶಮಿ. ಪೂರ್ತಿ ಮೂರನೇ ತ್ರೈಮಾಸಿಕ. 2025ರಲ್ಲಿ ಶುರುವಾದದ್ದು ಸೆಪ್ಟೆಂಬರ್ 22ಕ್ಕೆ, ವಿಜಯದಶಮಿ ಅಕ್ಟೋಬರ್ 2. ಹನ್ನೊಂದು ದಿನದಲ್ಲಿ ಒಂಬತ್ತು ದಿನ ಎರಡನೇ ತ್ರೈಮಾಸಿಕಕ್ಕೆ ಬಿತ್ತು. ಆಯುಧಪೂಜೆ ಅಕ್ಟೋಬರ್ 1. ಆದರೆ ಕಡ್ಲೆಪುರಿ, ಬೂದುಗುಂಬಳ, ನಿಂಬೆಹಣ್ಣು ಸೆಪ್ಟೆಂಬರ್ 30ರ ಸಂಜೆಯೇ ಹೋಗಿರುತ್ತದೆ. ಹಾಗಾಗಿ ಜುಲೈ–ಸೆಪ್ಟೆಂಬರ್ ಹೋಲಿಕೆಯಲ್ಲಿ ಈ ವರ್ಷಕ್ಕೆ ದಸರಾ ಬೋನಸ್ ಸಿಕ್ಕಿದೆ, ಅಕ್ಟೋಬರ್–ಡಿಸೆಂಬರ್ ಹೋಲಿಕೆಯಲ್ಲಿ ಅಷ್ಟೇ ಕೊರತೆ ಕಾಣುತ್ತದೆ. ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಅಂಗಡಿಗಳಿಗೆ ಇದು ನಿಮಗಿಂತ ಜೋರಾಗಿ ತಟ್ಟುತ್ತದೆ. ದೇಶದ ಅಂಕಿಯಲ್ಲೂ ಇದರ ಪಾಲಿದೆ, ಎದುರು ಎಳೆತವೂ ಇತ್ತು: ಆಗಸ್ಟ್ 15ಕ್ಕೆ ತೆರಿಗೆ ಇಳಿಕೆಯ ಸುಳಿವು ಸಿಕ್ಕ ಮೇಲೆ ಟಿವಿ, ಎಸಿ, ಸಣ್ಣ ಕಾರು ಕೊಳ್ಳುವವರು ಸೆಪ್ಟೆಂಬರ್ 22ರವರೆಗೆ ಕೈ ಕಟ್ಟಿ ಕೂತರು.

ಯುಗಾದಿಯ ಆಟ ಇನ್ನೂ ವಿಚಿತ್ರ. 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಅಂದರೆ 2023-24ರ ಹಣಕಾಸು ವರ್ಷದಲ್ಲಿ ಯುಗಾದಿಯೇ ಇಲ್ಲ, 2024-25ರಲ್ಲಿ ಎರಡು! ಇಡೀ ದೇಶದ ಲೆಕ್ಕದಲ್ಲಿ ಇದು ಕರಗಿ ಹೋಗುತ್ತದೆ. ಮಂಡ್ಯದ ದಿನಸಿ, ಬಟ್ಟೆ ಅಂಗಡಿಯ ವಾರ್ಷಿಕ ಹೋಲಿಕೆಯಲ್ಲಿ ಕರಗುವುದಿಲ್ಲ. ಅಧಿಕ ದಿನವೂ ಲೆಕ್ಕಕ್ಕೆ ಬರುತ್ತದೆ. 2024ರ ಜನವರಿ–ಮಾರ್ಚ್‌ಗೆ 91 ದಿನ, 2025ರದಕ್ಕೆ 90. ಒಂದು ದಿನದ ಬಾಗಿಲು ಅಂದರೆ ಶೇ 1ಕ್ಕೂ ಸ್ವಲ್ಪ ಹೆಚ್ಚು.

ಅಮೆರಿಕದ ವಿಷಯ. ಭಾರತದ 7.9 ಅಂದರೆ ಈ ಜುಲೈ–ಸೆಪ್ಟೆಂಬರನ್ನು ಹೋದ ವರ್ಷದ ಜುಲೈ–ಸೆಪ್ಟೆಂಬರ್‌ಗೆ ಹೋಲಿಸಿದ್ದು. ನೀವು ಕೇಳಿದ ಅಮೆರಿಕದ 2.5, 2025ರ ಏಪ್ರಿಲ್–ಜೂನ್‌ನದು. ಅದನ್ನು ಹಿಂದಿನ ತ್ರೈಮಾಸಿಕಕ್ಕೆ, ಜನವರಿ–ಮಾರ್ಚ್‌ಗೆ, ಹೋಲಿಸಿದ್ದಾರೆ. ಮೊದಲು ಹಬ್ಬ, ರಜೆ, ಹವಾಮಾನದ ಏರಿಳಿತ ತೆಗೆದು, ಆಮೇಲೆ ಸಿಕ್ಕ ಬದಲಾವಣೆ ನಾಲ್ಕು ತ್ರೈಮಾಸಿಕ ಹೀಗೇ ನಡೆದರೆ ವರ್ಷಕ್ಕೆ ಎಷ್ಟಾದೀತು ಎಂದು ಹಿಗ್ಗಿಸುತ್ತಾರೆ. ಆ ಮೂರು ತಿಂಗಳಲ್ಲಿ ನಿಜಕ್ಕೂ ಆದ ಏರಿಕೆ ಸುಮಾರು ಶೇ 0.6. ಯುರೋಪಿನವರು ಈ 0.6ರ ಥರದ್ದನ್ನು ಹಿಗ್ಗಿಸದೆ ಹಾಗೆಯೇ ಹೇಳುತ್ತಾರೆ. ಮೂರು ಬೇರೆ ಬೇರೆ ಸೇರುಗಳಲ್ಲಿ ಅಳೆದ ಅಕ್ಕಿಯನ್ನು ಪಕ್ಕಪಕ್ಕ ಇಟ್ಟು ಯಾವ ಮೂಟೆ ದೊಡ್ಡದು ಎಂದು ಕೇಳಿದಂತೆ ಆಗುತ್ತದೆ. ನಮ್ಮ ಬೆಳವಣಿಗೆ ಹೆಚ್ಚಿನದು ಎಂಬುದರಲ್ಲಿ ಅನುಮಾನವಿಲ್ಲ, ‘ಮೂರು ಪಟ್ಟು’ ಎಂಬ ಲೆಕ್ಕ ಮಾತ್ರ ಈ ಎರಡು ಅಂಕಿಯಿಂದ ಹೊರಡುವುದಿಲ್ಲ.

ವರ್ಷದಿಂದ ವರ್ಷಕ್ಕೆ ಹೋಲಿಸುವ ನಮ್ಮ ಪದ್ಧತಿ ಸರಳ, ಹಬ್ಬ ಜಾಗ ಬದಲಿಸದ ಮಟ್ಟಿಗೆ ಭದ್ರ. ಅದರ ದೋಷ, ತಿರುವು ತಡವಾಗಿ ತೋರುವುದು. ಹೋದ ವರ್ಷದ ಮೊದಲ ತ್ರೈಮಾಸಿಕ 100 ಇದ್ದು, ಆಮೇಲೆ 103, 106, 106, ಈಗ 105 ಆಗಿದ್ದರೆ ನಮ್ಮ ಲೆಕ್ಕ ‘ಶೇ 5 ಬೆಳವಣಿಗೆ’ ಎನ್ನುತ್ತದೆ, ಅಮೆರಿಕದ ಲೆಕ್ಕ ‘ಶೇ 3.7 ಕುಸಿತ’ ಎನ್ನುತ್ತದೆ. ಎರಡೂ ಸುಳ್ಳಲ್ಲ. ಹಾಗೆಂದು ನಮ್ಮ ಕೋಷ್ಟಕದ ಕಚ್ಚಾ ಅಂಕಿ ತೆಗೆದುಕೊಂಡು ಒಂದು ತ್ರೈಮಾಸಿಕವನ್ನು ಅದರ ಹಿಂದಿನದಕ್ಕೆ ಹೋಲಿಸಬೇಡಿ. ದೀಪಾವಳಿ, ಸುಗ್ಗಿ, ಮದುವೆಗಳು ಸೇರಿ ಅಕ್ಟೋಬರ್–ಡಿಸೆಂಬರ್ ಯಾವಾಗಲೂ ಜಿಗಿಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಹೋದ ವರ್ಷ ಎಂಬ ಆಧಾರವೇ ಕುಂಟಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಾಕ್‌ಡೌನ್ ನೋಡಿ. 2020ರ ಏಪ್ರಿಲ್–ಜೂನ್‌ನ ಮೊದಲ ಅಂದಾಜಿನಲ್ಲಿ ಬಳಕೆ ವೆಚ್ಚ ಶೇ 26.7 ಕುಸಿಯಿತು. 2021ರ ಅದೇ ತಿಂಗಳುಗಳಲ್ಲಿ ಶೇ 19.3 ಏರಿತು. ಏರಿದ ಮೇಲೂ ಅದು 2019ರ ಮಟ್ಟಕ್ಕಿಂತ ಶೇ 12ರ ಆಸುಪಾಸು ಕೆಳಗೇ ಇತ್ತು. ಯಾವುದಾದರೂ ಅಂಕಿ ವಿಪರೀತ ದೊಡ್ಡದಾಗಿ ಕಂಡರೆ ಎರಡು ವರ್ಷ ಹಿಂದಕ್ಕೆ ಹೋಗಿ ನೋಡಿ.

ದಶಮಾಂಶವನ್ನು ಎಷ್ಟು ನಂಬಬೇಕು? ಕಡಿಮೆ. ಪ್ರತಿ ಮೂರು ತಿಂಗಳಿಗೆ ಯಾರೂ ಮನೆಮನೆಗೆ ಹೋಗಿ ಖರ್ಚು ಬರೆದುಕೊಳ್ಳುವುದಿಲ್ಲ. ವಾರ್ಷಿಕ ಲೆಕ್ಕದಲ್ಲಿ ದೇಶದ ಉತ್ಪಾದನೆಗೆ ಆಮದು ಸೇರಿಸಿ, ರಫ್ತು, ಕಾರ್ಖಾನೆಗಳ ಬಳಕೆ, ಹೂಡಿಕೆ, ಸರ್ಕಾರ ಕೊಂಡದ್ದನ್ನು ತೆಗೆದು, ಉಳಿದದ್ದು ಮನೆಗಳಿಗೆ ಹೋಯಿತು ಎಂದು ತೆಗೆದುಕೊಳ್ಳುವ ಸರಕು ಹರಿವಿನ ವಿಧಾನ ಇದೆ. ತ್ರೈಮಾಸಿಕಕ್ಕೆ ಆ ವಾರ್ಷಿಕ ಅಂಕಿಯನ್ನು ಬೆಳೆ ಅಂದಾಜು, ಕೈಗಾರಿಕಾ ಉತ್ಪಾದನೆ, ವಾಹನ ಮಾರಾಟದಂಥ ಸೂಚಕಗಳ ಮೇಲೆ ಮುಂದಕ್ಕೆ ಎಳೆಯುತ್ತಾರೆ. ಬೀದಿಬದಿ ವ್ಯಾಪಾರ, ಸಂತೆ, ನಿಮ್ಮಂಥ ಅಂಗಡಿಗಳು ನೇರವಾಗಿ ಕಾಣುವುದೇ ಕಡಿಮೆ. ಮನೆಗಳನ್ನೇ ಕೇಳಿ ಬರೆದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ತಲಾ ತಿಂಗಳ ಖರ್ಚು ಹಳ್ಳಿಯಲ್ಲಿ 4,122, ಪಟ್ಟಣದಲ್ಲಿ 6,996 ರೂಪಾಯಿ. ಅಂಥ ಸಮೀಕ್ಷೆ ತ್ರೈಮಾಸಿಕಕ್ಕೊಮ್ಮೆ ಆಗುವುದಿಲ್ಲ. ಉತ್ಪಾದನೆ ಕಡೆಯ ಜಿಡಿಪಿಗೂ ಖರ್ಚಿನ ಕಡೆಯದಕ್ಕೂ ತಾಳೆ ಬೀಳದ ಮೊತ್ತವನ್ನು ಕೋಷ್ಟಕದ ಕೊನೆಯಲ್ಲಿ ‘ವ್ಯತ್ಯಾಸ’ ಎಂದು ಬೇರೆಯೇ ತೋರಿಸಿರುತ್ತಾರೆ. ಆ ಸಾಲು ದಪ್ಪಗಿದ್ದರೆ ಮೇಲಿನ ಸಾಲುಗಳನ್ನು ಹಗುರವಾಗಿ ತೆಗೆದುಕೊಳ್ಳಿ. ಪರಿಷ್ಕರಣೆಯೂ ಸಣ್ಣದಲ್ಲ. 2023-24ರ ಬಳಕೆ ಬೆಳವಣಿಗೆ ಮೊದಲು ಶೇ 4 ಎಂದಿತ್ತು, 2025ರ ಫೆಬ್ರವರಿಯಲ್ಲಿ ಅದು 5.6 ಆಯಿತು. ಶೇ 4 ನೋಡಿ ಜನ ಕೈ ಬಿಗಿ ಹಿಡಿದಿದ್ದಾರೆ ಎಂದು ಪುಟಗಟ್ಟಲೆ ಬರೆದವರು ಆಮೇಲೆ ತಿದ್ದುಪಡಿ ಬರೆದದ್ದು ಅಪರೂಪ. ಈ ಅಂಕಿಗಳೆಲ್ಲ 2011-12 ಆಧಾರದ ಸರಣಿಯವು; ಅದರ ಬದಲು 2022-23 ಆಧಾರದ ಹೊಸ ಸರಣಿ 2026ರ ಫೆಬ್ರವರಿ 27ಕ್ಕೆ ಎಂದು ಸಚಿವಾಲಯ ಹೇಳಿತ್ತು. ಹಳೆಯ ಸರಣಿಯ 7.9ರ ಪಕ್ಕ ಹೊಸ ಸರಣಿಯ ಅಂಕಿ ಇಟ್ಟು ಏರಿತು-ಇಳಿಯಿತು ಎನ್ನಬೇಡಿ.

ಮಾಲು ತರಿಸುವ ನಿರ್ಧಾರಕ್ಕೆ ಈ ಅಂಕಿ ಕೆಲಸಕ್ಕೆ ಬರುವುದಿಲ್ಲ. ಎರಡು ತಿಂಗಳು ತಡವಾಗಿ ಬರುತ್ತದೆ, ಮಂಡ್ಯ ಜಿಲ್ಲೆಗೆ ಇಂಥ ತ್ರೈಮಾಸಿಕ ಲೆಕ್ಕವೇ ಇಲ್ಲ. ನಿಮ್ಮ ಗಿರಾಕಿಯ ಕೈಯಲ್ಲಿ ದುಡ್ಡು ಇದೆಯೇ ಎಂಬುದನ್ನು ಕೆಆರ್‌ಎಸ್ ನೀರಿನ ಮಟ್ಟ, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ದಿನ, ಕಬ್ಬು ಅರೆಯಲು ಶುರುವಾದ ದಿನ ಮತ್ತು ಬಟವಾಡೆಯ ದಿನ ಮೊದಲೇ ಹೇಳುತ್ತವೆ. ದ್ವಿಚಕ್ರ ವಾಹನ ನೋಂದಣಿಯನ್ನು ಕೇಂದ್ರ ಸಾರಿಗೆ ಸಚಿವಾಲಯದ ‘ವಾಹನ್’ ಜಾಲತಾಣದಲ್ಲಿ ಆರ್‌ಟಿಒ ಪ್ರಕಾರ ನೋಡಬಹುದು. ಮಂಡ್ಯ ಕೆಎ-11, ನಾಗಮಂಗಲ ಕೆಎ-54. ಇದೂ ವರ್ಷದಿಂದ ವರ್ಷಕ್ಕೇ ಹೋಲಿಸಬೇಕಾದದ್ದು.

ನಿಮ್ಮದೇ ಸೂಚ್ಯಂಕಕ್ಕೆ ಒಂದು ನೋಟ್‌ಬುಕ್ ಸಾಕು. ಹೆಚ್ಚು ಹೋಗುವ ಹನ್ನೆರಡು ಬಾಬ್ತು ಆರಿಸಿ, ಪ್ರತಿ ತಿಂಗಳ 15ರಂದು ಕೆಜಿಗೆ, ಲೀಟರಿಗೆ, 100 ಗ್ರಾಂಗೆ ಮಾರಿದ ಬೆಲೆ ಬರೆಯಿರಿ. ಒಂದೇ ಬ್ರ್ಯಾಂಡ್, ಒಂದೇ ದರ್ಜೆ. ಸೋನಾ ಮಸೂರಿ ಬರೆದ ಸಾಲಿನಲ್ಲಿ ಮುಂದಿನ ತಿಂಗಳು ದಪ್ಪಕ್ಕಿ ಬರೆಯಬಾರದು. ಪಾಲುಗಳನ್ನು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬದಲಿಸಿ. ಅಕ್ಟೋಬರ್–ಡಿಸೆಂಬರ್ ಮುಗಿದಾಗ ಅದೊಂದನ್ನೇ ಹೋಲಿಸದೆ ಜುಲೈನಿಂದ ಡಿಸೆಂಬರ್‌ವರೆಗಿನ ಆರು ತಿಂಗಳನ್ನು ಒಟ್ಟಿಗೆ ಹೋಲಿಸಿ, ದಸರಾ ಎರಡೂ ಕಡೆ ಒಂದೊಂದು ಸಲ ಬರುತ್ತದೆ. ಜನವರಿ–ಮಾರ್ಚ್‌ಗೆ ಆ ತೊಂದರೆ ಇಲ್ಲ: 2026ರ ಯುಗಾದಿ ಮಾರ್ಚ್ 19ಕ್ಕೆ, 2025ರದು ಮಾರ್ಚ್ 30ಕ್ಕೆ ಇತ್ತು, ಎರಡೂ ಅದೇ ತ್ರೈಮಾಸಿಕದೊಳಗೆ.